ಅವ್ವನಿಗೆ ಮೊಬಿಲಿಟಿ ಸ್ಕೂಟರ್ ಬೇಕು, ರಾಮೋಜಿಯ ಏರು ಹತ್ತುವಂಥದ್ದು ಯಾವುದು?

ಜಲನಗರದವಳು, ವಿಜಯಪುರ

ನಮಸ್ಕಾರ ರೀ ಎಲ್ಲರಿಗೂ. ನಮ್ಮ ಅವ್ವನಿಗೆ 67 ವರ್ಷ, ತೂಕ 82 ಕೆಜಿ. ಎರಡೂ ಮೊಣಕಾಲು ಸವೆದಿವೆ. ಮನೆಯೊಳಗೆ ಕೋಲು ಹಿಡಿದು ಓಡಾಡುತ್ತಾಳೆ, ಇನ್ನೂರು ಹೆಜ್ಜೆ ಆಯಿತೆಂದರೆ ಕೂಡಲೇಬೇಕು. ದಸರಾ ರಜೆಗೆ ಮಕ್ಕಳನ್ನು ಕರೆದುಕೊಂಡು ಹೈದರಾಬಾದಿನ ರಾಮೋಜಿ ಫಿಲ್ಮ್ ಸಿಟಿಗೆ ಹೋಗಬೇಕು ಅಂತ ಇದ್ದೇವೆ. ಹೋದ ವರ್ಷ ಆಲಮಟ್ಟಿ ಗಾರ್ಡನ್ನಿಗೆ ಹೋದಾಗ ಅವ್ವ ಗೇಟಿನ ಹತ್ತಿರದ ಕಟ್ಟೆ ಮೇಲೇ ಕೂತುಬಿಟ್ಟಳು. "ನೀವು ನೋಡಿ ಬರ್ರಿ, ನಾ ಇಲ್ಲೇ ಬುತ್ತಿಗಂಟು ಕಾಯ್ತೀನಿ" ಅಂದಳು. ಆ ಮಾತು ನನಗೆ ಇನ್ನೂ ಕುಟುಕುತ್ತದೆ.

ಇಲ್ಲಿ ಅಂಗಡಿಗಳಲ್ಲಿ ಕೇಳಿದರೆ ಪಕ್ಕಕ್ಕೆ ಎರಡು ಗಾಲಿ ಕೂಡಿಸಿದ ಪೆಟ್ರೋಲ್ ಗಾಡಿ ತೋರಿಸುತ್ತಾರೆ. ನನಗೆ ಬೇಕಾದ್ದು ಅದಲ್ಲ, ಕುರ್ಚಿಯಂಥ ಸೀಟು ಇದ್ದು ನಡಿಗೆಯ ವೇಗದಲ್ಲಿ ಹೋಗುವ ಬ್ಯಾಟರಿ ಗಾಡಿ. ಒಬ್ಬರು ಫೋನಿನಲ್ಲಿ ಮಡಚುವ ಮೂರು ಗಾಲಿಯದು ಹೇಳಿದರು. 180 ವ್ಯಾಟ್ ಮೋಟಾರ್, "12ರ ಏರು ಆರಾಮ ಹತ್ತುತ್ತದೆ" ಅಂದರು. ತಗೋಬಹುದಾ? ನಮ್ಮದು ಸಣ್ಣ ಕಾರು.

ನವನಗರ ಬಾಗಲಕೋಟೆ

ಅಕ್ಕಾರೆ, ಮೊದಲು 12 ಅಂದರೆ ಏನು 12 ಅಂತ ಕೇಳಿ. ಡಿಗ್ರಿಯೋ, ಪರ್ಸೆಂಟೋ? 12 ಡಿಗ್ರಿ ಅಂದರೆ ಸುಮಾರು 21 ಪರ್ಸೆಂಟ್ ಏರು, 12 ಪರ್ಸೆಂಟ್ ಅಂದರೆ 7 ಡಿಗ್ರಿಯೂ ಆಗುವುದಿಲ್ಲ. ಮಾರುವವರು ಬರೀ ಅಂಕಿ ಹೇಳುತ್ತಾರೆ. ನಾನು ಅಪ್ಪಾಜಿಗೆ ಹಂಗೇ ನಂಬಿ ತಂದೆ, ನಮ್ಮ ಓಣಿ ಸಪಾಟು, ಹೀಗಾಗಿ ಆರು ತಿಂಗಳು ಏನೂ ಗೊತ್ತಾಗಲಿಲ್ಲ. ಆಮೇಲೆ ಒಂದು ಗುಡ್ಡದ ಗುಡಿಗೆ ಹೋದಾಗ ಅರ್ಧ ಏರಿನಲ್ಲಿ ಮೋಟಾರ್ ಬಿಸಿಯಾಗಿ ಕರೆಂಟ್ ತಾನೇ ಕಟ್ ಆಯಿತು, ನಾನೂ ತಮ್ಮನೂ ಹಿಂದೆ ನಿಂತು ತಳ್ಳಿ ಬೆವರು ಹರಿಸಿಕೊಂಡೆವು, ಅಪ್ಪಾಜಿ ಅವತ್ತು ದಾರಿಯುದ್ದಕ್ಕೂ ಮಾತೇ ಆಡಲಿಲ್ಲ.

ಏರು ಅಳೆಯುವುದು ಕಷ್ಟ ಅಲ್ಲ. ಗೌಂಡಿಯವರ ರಸಮಟ್ಟ ಮತ್ತು ಒಂದು ಮೀಟರ್ ಪಟ್ಟಿ ತಗೊಳ್ಳಿ. ಪಟ್ಟಿಯ ಒಂದು ತುದಿ ಏರಿನ ಮೇಲಿಟ್ಟು ಮಟ್ಟ ಹಿಡಿಯಿರಿ. ಇನ್ನೊಂದು ತುದಿಯ ಕೆಳಗೆ 10 ಸೆಂಟಿಮೀಟರ್ ಸಂದು ಬಂದರೆ ಅದು 10 ಪರ್ಸೆಂಟ್. ಗಾಲಿಕುರ್ಚಿಗೆ ಸರಿಯಾಗಿ ಕಟ್ಟಿದ ರ‍್ಯಾಂಪು 12 ಅಡಿಗೆ 1 ಅಡಿ ಏರಬೇಕು, ಅಂದರೆ 8 ಪರ್ಸೆಂಟ್ ಚಿಲ್ಲರೆ. ನಮ್ಮಲ್ಲಿ ಎಷ್ಟೋ ಕಡೆ ಅದರ ಎರಡರಷ್ಟು ಕಡಿದು ಇರುತ್ತದೆ.

ಮಡಚುವ ಸಣ್ಣ ಗಾಡಿಗಳು ಹೆಚ್ಚಾಗಿ 6ರಿಂದ 8 ಡಿಗ್ರಿಯವು. ಅವ್ವನ ತೂಕದ ಜೊತೆ ನೀರಿನ ಬಾಟಲಿ, ಚೀಲ, ಹಟ ಮಾಡಿ ತೊಡೆ ಮೇಲೆ ಕೂಡುವ ಮೊಮ್ಮಗ, ಎಲ್ಲಾ ಸೇರಿ ಲೆಕ್ಕ ಹಾಕಿ. 180 ವ್ಯಾಟ್ ನನಗೆ ಕಡಿಮೆ ಅನ್ನಿಸುತ್ತದೆ.

ತಿಲಕವಾಡಿ ಫಿಸಿಯೊ, ಬೆಳಗಾವಿ

ಎಲ್ಲರೂ ಹತ್ತುವುದನ್ನೇ ಕೇಳುತ್ತಾರೆ. ನನಗೆ ಭಯ ಇಳಿಯುವುದರದ್ದು.

ಈ ಗಾಡಿಗಳಲ್ಲಿ ಬೆರಳಿನ ಲಿವರ್ ಬಿಟ್ಟರೆ ಬ್ರೇಕ್ ತಾನೇ ಹಿಡಿಯುತ್ತದೆ. ಆದರೆ ಹಿಂದೆ ತಳ್ಳಿಕೊಂಡು ಹೋಗಲು ಫ್ರೀವೀಲ್ ಅಂತ ಒಂದು ಲಿವರ್ ಇರುತ್ತದೆ. ಆ ಲಿವರನ್ನು ಫ್ರೀವೀಲಿಗೆ ತಿರುಗಿಸಿದರೆ ಆ ಬ್ರೇಕ್ ಇರುವುದಿಲ್ಲ. ಇಳಿಜಾರಿನಲ್ಲಿ ಜನ ಕೂತಿರುವಾಗ ಅದನ್ನು ಯಾವತ್ತೂ ಮುಟ್ಟಬಾರದು, ಮಕ್ಕಳಿಗೂ ಇದನ್ನು ಬಿಡಿಸಿ ಹೇಳಿ.

ಮೂರು ಗಾಲಿಯದು ಸಣ್ಣ ಜಾಗದಲ್ಲಿ ಚೆನ್ನಾಗಿ ತಿರುಗುತ್ತದೆ, ಆದರೆ ರಸ್ತೆ ಪಕ್ಕಕ್ಕೆ ವಾಲಿದ್ದರೆ ಬೇಗ ಮಗುಚುತ್ತದೆ. ಏರಿಳಿತದ ಜಾಗಕ್ಕೆ ನಾಲ್ಕು ಗಾಲಿಯದೇ ನೋಡಿ, ಹಿಂದೆ ಎರಡು ಪುಟ್ಟ ಆಸರೆ ಗಾಲಿ ಇದ್ದರೆ ಇನ್ನೂ ಒಳ್ಳೆಯದು. ಏರನ್ನು ನೇರ ಹತ್ತಬೇಕು, ನೇರ ಇಳಿಯಬೇಕು, ಓರೆಯಾಗಿ ಅಲ್ಲ. ಹತ್ತುವಾಗ ಮೈ ಸ್ವಲ್ಪ ಮುಂದಕ್ಕೆ ಬಾಗಲಿ.

ಮತ್ತೆ ಸೀಟಿನ ಎತ್ತರ. ಮೊಣಕಾಲು ನೋವಿನವರಿಗೆ ತಗ್ಗು ಸೀಟಿನಿಂದ ಏಳುವುದೇ ದೊಡ್ಡ ಶಿಕ್ಷೆ. ಅವ್ವನನ್ನೇ ಕರೆದುಕೊಂಡು ಹೋಗಿ ಕೂಡಿಸಿ ಏಳಿಸಿ ನೋಡಿ, ನೀವು ಕೂತು ನೋಡಿದರೆ ಗೊತ್ತಾಗುವುದಿಲ್ಲ. ಲಿವರ್ ಒತ್ತಲು ಹೆಬ್ಬೆರಳಿಗೆ ಬಲ ಇದೆಯಾ, ಅದನ್ನೂ ನೋಡಿ.

ಜಲನಗರದವಳು, ವಿಜಯಪುರ

ಫ್ರೀವೀಲ್ ವಿಷಯ ಯಾರೂ ಹೇಳಿರಲಿಲ್ಲ, ದೊಡ್ಡ ಉಪಕಾರ ಆಯಿತು. ಬ್ಯಾಟರಿ 15 ಕಿಲೋಮೀಟರ್ ಬರುತ್ತದೆ ಅಂದಿದ್ದಾರೆ, ಒಂದು ದಿನಕ್ಕೆ ಸಾಕಲ್ವಾ?

ನವನಗರ ಬಾಗಲಕೋಟೆ

ಅರ್ಧ ಅಂತ ಹಿಡಿಯಿರಿ. ಸಪಾಟು ನೆಲ, ಹಗುರ ಮನುಷ್ಯ, ಹೊಸ ಬ್ಯಾಟರಿ, ಆಗ ಮಾತ್ರ 15. ಲಿಥಿಯಂ ಆದರೆ ಎತ್ತಲು ಹಗುರ, ರೇಟು ಜಾಸ್ತಿ. ಸೀಸದ್ದಾದರೆ ಖಾಲಿ ಮಾಡಿ ಹಾಗೇ ಇಡಬೇಡಿ, ಬೇಗ ಹಾಳಾಗುತ್ತದೆ. ಮಡಚುವ ಗಾಡಿಯೂ 25 ಕೆಜಿ ಹತ್ತಿರ ಇರುತ್ತದೆ, ಡಿಕ್ಕಿಗೆ ಎತ್ತುವವರು ಯಾರು ಅಂತ ಈಗಲೇ ನೋಡಿಕೊಳ್ಳಿ.

ರಾಮೋಜಿ 1,600 ಎಕರೆಗೂ ದೊಡ್ಡದು, ಒಂದು ಕಡೆಯಿಂದ ಇನ್ನೊಂದು ಕಡೆಗೆ ಅವರದೇ ಬಸ್ಸಿನಲ್ಲಿ ಒಯ್ಯುತ್ತಾರೆ. ಗಾಡಿಯನ್ನು ಬಸ್ಸಿಗೆ ಹತ್ತಿಸಲು ಬಿಡುತ್ತಾರಾ, ಗಾಲಿಕುರ್ಚಿ ಅಲ್ಲೇ ಸಿಗುತ್ತದಾ ಅಂತ ಟಿಕೆಟ್ ತೆಗೆಯುವ ಮೊದಲೇ ಫೋನ್ ಮಾಡಿ ಕೇಳಿ. ಬಿಡುವುದಿಲ್ಲ ಅಂದರೆ ಆ ಟ್ರಿಪ್ಪಿಗಾಗಿ ಗಾಡಿ ಕೊಳ್ಳುವುದು ಬೇಡ. ಆಲಮಟ್ಟಿಗೆ, ಊರಿನ ಓಡಾಟಕ್ಕೆ ಯಾವುದು ಸರಿ ಅಂತ ಬೇರೆ ಲೆಕ್ಕ ಹಾಕಿ.

ಜಲನಗರದವಳು, ವಿಜಯಪುರ

ಇವತ್ತು ಅಂಗಡಿಯವರಿಗೆ ಮತ್ತೆ ಫೋನ್ ಮಾಡಿದೆ. 12 ಪರ್ಸೆಂಟ್ ಅಂತೆ, ಅದೂ 70 ಕೆಜಿ ತೂಕಕ್ಕೆ. ಬೇಡ ಅಂದೆ. ನಾಲ್ಕು ಗಾಲಿಯದು ಒಂದು ಅವರ ಬಳಿ ಇದೆಯಂತೆ, ಭಾನುವಾರ ಅವ್ವನನ್ನು ಕರೆದುಕೊಂಡು ಹೋಗುತ್ತೇನೆ. ಅಂಗಡಿ ಪಕ್ಕದಲ್ಲೇ ಒಂದು ಕಲ್ಯಾಣ ಮಂಟಪದ ರ‍್ಯಾಂಪು ಇದೆ, ಅಲ್ಲಿ ಹತ್ತಿಸಿ, ನಡುವೆ ನಿಲ್ಲಿಸಿ, ಇಳಿಸಿ ನೋಡಿಯೇ ಮುಂದಿನ ಮಾತು.