‘ನಾಗರಹಾವು’: ಮೊದಲು ಓದಬೇಕೋ, ನೋಡಬೇಕೋ? ಅನುಭವಸ್ಥರು ಹೇಳಿ

ಕೇಳಿದವರು: ವಿದ್ಯಾನಗರ, ದಾವಣಗೆರೆ
ಮಗಳ ಪಿಯುಸಿ ಮುಗಿದಿದೆ. ಮುಂದಿನ ತಿಂಗಳು ಎಲ್ಲರೂ ದುರ್ಗದ ಕೋಟೆಗೆ ಹೋಗುವವರಿದ್ದೇವೆ. ಅಷ್ಟರೊಳಗೆ ಅವಳಿಗೆ ತರಾಸು ಅವರ ಕಾದಂಬರಿ ಓದಿಸಲೋ, ಪುಟ್ಟಣ್ಣನವರ ಚಿತ್ರ ತೋರಿಸಲೋ? ಓದುವುದು ಸ್ವಲ್ಪ ನಿಧಾನ. ಎರಡನ್ನೂ ಬಲ್ಲವರು ತಿಳಿಸಿ.

ಕೋಟೆ ಬುಡದವನು, ಚಿತ್ರದುರ್ಗ
ಕಾದಂಬರಿ ಎಂದು ಒಂದೇ ಇರುವಂತೆ ಕೇಳಿದ್ದೀರಿ, ತೊಡಕು ಶುರುವಾಗುವುದೇ ಅಲ್ಲಿ. ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪ ಮತ್ಸರ’ ಈ ಮೂರನ್ನೂ ಅರೆದು ಒಂದು ಚಿತ್ರ ಮಾಡಿದರು. ಮೂರೂ ನನ್ನ ಹತ್ತಿರ ಇದ್ದವು. 2009ರಲ್ಲಿ ನಡುವಿನದನ್ನು ನಮ್ಮ ಕಚೇರಿಯವರೊಬ್ಬರು ‘ಎರಡೇ ದಿನ’ ಎಂದು ಒಯ್ದರು. ಒಂದು ತಿಂಗಳಿಗೆ ಅವರಿಗೆ ವರ್ಗವಾಯಿತು. ಫೋನ್ ಮಾಡಿದಾಗಲೆಲ್ಲ ‘ಸಾಮಾನು ಇನ್ನೂ ಬಿಚ್ಚಿಲ್ಲ’ ಎಂಬ ಉತ್ತರ. ಎರಡು ಸಲ ಬಸ್ಸಿನಲ್ಲಿ ಹೋಗಿಬಂದೆ. ಆಗಿನ ಕಾಲಕ್ಕೆ ಟಿಕೆಟ್ಟು, ಊಟ, ಬರಿಗೈಯಲ್ಲಿ ಹೋಗಬಾರದೆಂದು ಕೊಂಡ ಒಂದು ಡಜನ್ ಬಾಳೆಹಣ್ಣು ಎಲ್ಲ ಸೇರಿ 186 ರೂಪಾಯಿ. ಪುಸ್ತಕದ ಬೆಲೆ ಅದರ ಅರ್ಧವೂ ಇರಲಿಲ್ಲ. ಬಾಳೆಹಣ್ಣು ಅವರ ಮನೆಯಲ್ಲೇ ಉಳಿಯಿತು, ಪುಸ್ತಕವೂ ಉಳಿಯಿತು.

ಓದಿ, ಆಮೇಲೆ ನೋಡಿ. ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರು ಎಂದು ತರಾಸು ನೊಂದುಕೊಂಡ ಮಾತು ದುರ್ಗದಲ್ಲಿ ಇವತ್ತಿಗೂ ಓಡಾಡುತ್ತದೆ. ಬರೆದವರ ಮಾತಿಗಿಂತ ಇನ್ನೇನು ಬೇಕು?

ಎರಡು ಮಕ್ಕಳ ತಾಯಿ, ಪಿ.ಜೆ. ಬಡಾವಣೆ
ಕೇರೆಹಾವಾದರೆ ಕೇರೆಹಾವು, ಐವತ್ತು ವರ್ಷದಿಂದ ಹೆಡೆ ಎತ್ತಿಯೇ ನಿಂತಿದೆಯಲ್ಲ ಸ್ವಾಮಿ.

2018ರಲ್ಲಿ ಚಿತ್ರ ಮತ್ತೆ ತೆರೆಗೆ ಬಂದಾಗ ಅತ್ತೆಯವರೂ ಸೇರಿ ಐದು ಜನ ಹೋದೆವು. ಟಿಕೆಟ್ಟಿಗೆ 600, ಆಟೋದವನು ಮಳೆ ಎಂದು ಕೇಳಿದ್ದು 120, ಮಧ್ಯಂತರದ ಜೋಳದ ಅರಳಿಗೆ 240. ಅತ್ತೆಯವರ ಮಂಡಿನೋವಿಗೆ ಕೊನೆಯ ಸಾಲೇ ಬೇಕಾಯಿತು. ಇಷ್ಟೆಲ್ಲ ಆಗಿ, ‘ಬಾರೇ ಬಾರೇ’ ಹಾಡಿನಲ್ಲಿ ವಿಷ್ಣುವರ್ಧನ್, ಆರತಿ ನಿಧಾನಗತಿಯಲ್ಲಿ ಓಡುತ್ತಿದ್ದರೆ ನನ್ನ ಮಗ ‘ಅಮ್ಮಾ, ನೆಟ್‌ವರ್ಕ್ ಸಿಕ್ಕಿಹಾಕಿಕೊಂಡಿದೆ’ ಎಂದು ಕೂಗಿದ. ಮುಂದಿನ ಸಾಲಿನವರು ತಿರುಗಿ ನೋಡಿದ ರೀತಿ ನನಗಿನ್ನೂ ನೆನಪಿದೆ. ಆದರೆ ಜಯಂತಿಯವರು ಒನಕೆ ಹಿಡಿದು ಕಿಂಡಿಯ ಪಕ್ಕ ನಿಂತಾಗ ಅದೇ ಹುಡುಗ ಕೈಯಲ್ಲಿದ್ದ ಪೊಟ್ಟಣವನ್ನು ಕೆಳಗಿಟ್ಟ. ಯಾವ ಪುಸ್ತಕಕ್ಕೂ ಅವನು ಹಾಗೆ ಕೂತವನಲ್ಲ. ನೋಡಿಸಿ, ಸಾಕು.

ಕೋಟೆ ಬುಡದವನು
ಓಬವ್ವನ ಹಾಡು ಚಿತ್ರದೊಳಗೆ ಇನ್ನೊಂದು ಚಿತ್ರ. ಅದಕ್ಕೂ ನಾಯಕ ರಾಮಾಚಾರಿಯ ಕಥೆಗೂ ಏನು ಸಂಬಂಧ? ಹಾಡು ನೋಡುವುದಾದರೆ ಅದೊಂದನ್ನೇ ತೋರಿಸಿ, ಐದು ಟಿಕೆಟ್ಟಿನ ದುಡ್ಡು ಉಳಿಯುತ್ತದೆ.

ನಿವೃತ್ತ ಶಿಕ್ಷಕ, ಹೊಳಲ್ಕೆರೆ
ನಾನು ಮೊದಲು ಓದಿದವನು. 1973ರಲ್ಲಿ ಚಿತ್ರ ನೋಡಿದೆ, ನೋಡಿದ್ದು ಒಂದು ಸಲವಲ್ಲ, ಏಳು ಸಲ. ಅಶ್ವತ್ಥ್ ಅವರ ಚಾಮಯ್ಯ ಮೇಷ್ಟ್ರನ್ನು ಕಂಡೇ ಮೇಷ್ಟ್ರಾದೆ. ಹುಡುಗರೂ ಹಿಂದಿನಿಂದ ಹಾಗೆಯೇ ಕರೆಯುತ್ತಿದ್ದರು, ನನಗೆ ಹೆಮ್ಮೆಯಿತ್ತು.

1994ರಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಹುಡುಗಿ ಬೇರೆ ಜಾತಿ, ‘ಏನು ಮಾಡಲಿ ಸಾರ್’ ಎಂದ. ಪ್ರೀತಿಸಿದ ಅಲಮೇಲುವನ್ನು ಬಿಟ್ಟುಕೊಡು ಎಂದು ಚಾಮಯ್ಯ ರಾಮಾಚಾರಿಗೆ ಹೇಳಿದ ಹಾಗೆಯೇ ನಾನೂ ಹೇಳಿದೆ. ತ್ಯಾಗ, ದೊಡ್ಡ ಮನಸ್ಸು, ಹಿರಿಯರ ಮರ್ಯಾದೆ. ಅವನು ಚಹಾ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೇಳಿದ, ಕುಡಿಯಲಿಲ್ಲ. ಕೆನೆ ಕಟ್ಟಿತು. ‘ನೀವು ಹೇಳಿದ ಮೇಲೆ ಆಯಿತು ಸಾರ್’ ಎಂದು ಎದ್ದ. ಹುಡುಗಿಯನ್ನು ಬೇರೆ ಕಡೆ ಕೊಟ್ಟರು. ಅವಳ ಬಾಳು ನೆಟ್ಟಗಾಗಲಿಲ್ಲ ಎಂದು ಆಮೇಲೆ ಕೇಳಿದೆ. ಅವನು ಈಗ ಬಸ್ ನಿಲ್ದಾಣದಲ್ಲಿ ನನ್ನನ್ನು ಕಂಡರೆ ವೇಳಾಪಟ್ಟಿಯ ಕಡೆ ತಿರುಗಿ ನಿಲ್ಲುತ್ತಾನೆ. ಚಿತ್ರದಲ್ಲಿ ಅಲಮೇಲು ಮುಂದೆ ಯಾವ ಸ್ಥಿತಿಯಲ್ಲಿ ರಾಮಾಚಾರಿಯ ಕಣ್ಣಿಗೆ ಬೀಳುತ್ತಾಳೆ ಎಂಬುದನ್ನು ನಾನು ಏಳು ಸಲ ನೋಡಿದ್ದೆ. ನೋಡಿಯೂ ಹಾಗೆ ಹೇಳಿದೆ.

ಎರಡು ಮಕ್ಕಳ ತಾಯಿ
ಕ್ಷಮಿಸಿ ಸಾರ್, ಇದರಲ್ಲಿ ಪುಸ್ತಕದ್ದೂ ತಪ್ಪಿಲ್ಲ, ಸಿನಿಮಾದ್ದೂ ತಪ್ಪಿಲ್ಲ. ಆ ಹುಡುಗಿಯನ್ನು ಕರೆಸಿ ಒಂದು ಮಾತು ಕೇಳಿದಿರಾ?

ನಿವೃತ್ತ ಶಿಕ್ಷಕ
ಇಲ್ಲ.

ಮಂಡಿಪೇಟೆ ವ್ಯಾಪಾರಿ, ದಾವಣಗೆರೆ
ಮೇಷ್ಟ್ರನ್ನು ಬಿಡಿ ತಾಯಿ, ಅವರೇ ಹೇಳಿಕೊಂಡಿದ್ದಾರೆ. ನನ್ನ ತಕರಾರು ದುರ್ಗದವರ ಮೇಲೆ. ತರಾಸು ತಮ್ಮ ಮನೆಯ ಹಿತ್ತಲಲ್ಲಿ ಹುಟ್ಟಿದರು ಎನ್ನುವಂತೆ ಮಾತನಾಡುತ್ತಾರೆ. ಅವರು ಹುಟ್ಟಿದ್ದು ಮಲೇಬೆನ್ನೂರಿನಲ್ಲಿ. ಅದು ನಮ್ಮ ಜಿಲ್ಲೆ.

ಕೋಟೆ ಬುಡದವನು
1920ರಲ್ಲಿ ನಿಮ್ಮ ಜಿಲ್ಲೆ ಎಲ್ಲಿತ್ತು? ನೀವು ಬೇರೆಯಾಗಿದ್ದು 1997ರಲ್ಲಿ. ‘ತರಾಸು’ವಿನ ‘ತ’ ತಳುಕು, ಅದು ಚಳ್ಳಕೆರೆ ತಾಲ್ಲೂಕು. ‘ದುರ್ಗಾಸ್ತಮಾನ’ ಬರೆದವರನ್ನು ದಾವಣಗೆರೆಯವರು ಎಂದರೆ ಏಳುಸುತ್ತಿನ ಕಲ್ಲೂ ನಗುತ್ತದೆ.

ಮಂಡಿಪೇಟೆ ವ್ಯಾಪಾರಿ
ನಗಲಿ. ನಾನಂತೂ ಅವರನ್ನು ದುಡ್ಡು ಕೊಟ್ಟು ಓದಿದವನು. ‘ಒಂದು ಗಂಡು ಎರಡು ಹೆಣ್ಣು’ ಎಲ್ಲೂ ಸಿಗದೆ, ಹಳೆಯ ಪುಸ್ತಕದ ಗಾಡಿಯವನ ಹತ್ತಿರ 140 ರೂಪಾಯಿಗೆ ಕೊಂಡೆ. ರಟ್ಟು ಹೋಗಿತ್ತು, ಮತ್ತೆ ಕಟ್ಟಿಸಲು 60. ನಡುವೆ ಒಂದು ಪುಟಕ್ಕೆ ಎಲೆ ಅಡಿಕೆಯ ಕಲೆ ಬೇರೆ, ನಾಲ್ಕು ಸಾಲು ಕಾಣುವುದೇ ಇಲ್ಲ. ಆ ನಾಲ್ಕು ಸಾಲಿನಲ್ಲಿ ಏನಿದೆ ಎಂದು ಇವತ್ತಿಗೂ ತಿಳಿಯದು.

ಕೋಟೆ ಬುಡದವನು
ಕಲೆ ಪುಟದ ಕೆಳಗಿನ ಬಲ ಮೂಲೆಯಲ್ಲಿದೆಯೇ? ಮೊದಲ ಹಾಳೆಯಲ್ಲಿ ಹಸಿರು ಶಾಯಿಯಲ್ಲಿ ಹೆಸರು ಬರೆದು ಹೊಡೆದುಹಾಕಿದೆಯೇ?

ಮಂಡಿಪೇಟೆ ವ್ಯಾಪಾರಿ
ಹಸಿರೇ. ಯಾಕೆ?

ಕೋಟೆ ಬುಡದವನು
ಆ ಎಲೆ ಅಡಿಕೆ ನಮ್ಮ ತಂದೆಯವರದು. ಪುಸ್ತಕ ನನ್ನದು.

ಕೇಳಿದವರು
ಎಲ್ಲರಿಗೂ ವಂದನೆ. ಮಗಳು ಚಿತ್ರವನ್ನು ಮೊಬೈಲಿನಲ್ಲಿ ಅರ್ಧ ನೋಡಿದ್ದಾಳಂತೆ. ಹಾಗಾದರೆ ಉಳಿದ ಅರ್ಧಕ್ಕೆ ಮುಂಚೆ ಮೊದಲ ಪುಸ್ತಕ ಓದಿಸಬಹುದೇ?

ಮಂಡಿಪೇಟೆ ವ್ಯಾಪಾರಿ
ಒಂದು ನಿಮಿಷ ಇರಿ ಸ್ವಾಮಿ. ದುರ್ಗದವರೇ, ನಿಮ್ಮದೇ ಇರಬಹುದು, ಇಲ್ಲವೆನ್ನುವುದಿಲ್ಲ. 200 ರೂಪಾಯಿ ಕೊಟ್ಟು ಬಂದು ತೆಗೆದುಕೊಂಡು ಹೋಗಿ.

ಕೋಟೆ ಬುಡದವನು
ನನ್ನ ಪುಸ್ತಕಕ್ಕೆ ನಾನೇ 200 ಕೊಡಬೇಕೇ? ಕಟ್ಟಿಸಿದ 60 ಕೊಡುತ್ತೇನೆ. ಬಸ್ಸಿನ ಖರ್ಚು ನಿಮ್ಮದು. ಬಾಳೆಹಣ್ಣು ಮಾತ್ರ ತರುವುದಿಲ್ಲ.