ಸಹಾಯ ಬೇಕು: ದೊಡ್ಡಮ್ಮನಿಗೆ ಬೆಲ್ಲ ಸಿಕ್ಕಿದ್ದು 1945ರಲ್ಲೋ, 1947ರಲ್ಲೋ?

ಎಲ್ಲರಿಗೂ ನಮಸ್ಕಾರ. ನಮ್ಮೂರು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಮೊನ್ನೆ ಅಟ್ಟ ಗುಡಿಸುವಾಗ ಅಜ್ಜನ ತಗಡಿನ ಪೆಟ್ಟಿಗೆಯಲ್ಲಿ ಒಂದು ಪದಕ ಸಿಕ್ಕಿತು. ಒಂದು ಬದಿಯಲ್ಲಿ ಆರನೇ ಜಾರ್ಜ್ ರಾಜನ ತಲೆ. ಇನ್ನೊಂದು ಬದಿಯಲ್ಲಿ ಎರಡು ತಲೆಯ ಡ್ರ್ಯಾಗನ್ ಮೇಲೆ ನಿಂತ ಸಿಂಹ, ಜೊತೆಗೆ 1939-1945 ಅಂತ ಇದೆ. ಎರಡನೇ ಮಹಾಯುದ್ಧದ್ದು, ಅದರಲ್ಲಿ ಅನುಮಾನ ಇಲ್ಲ.

ಅದನ್ನು ನೋಡಿದ್ದೇ ದೊಡ್ಡಮ್ಮ ಶುರು ಮಾಡಿದರು. "ಯುದ್ಧ ಮುಗಿಯಿತು ಅಂತ ಶಾಲೆಯಲ್ಲಿ ಕಾಗದದ ಬಾವುಟ ಕೊಟ್ಟು ಮೆರವಣಿಗೆ ಮಾಡಿಸಿದ್ದರು, ಅಂಗೈ ತುಂಬ ಅವಲಕ್ಕಿ, ಒಂದು ತುಂಡು ಬೆಲ್ಲ." ಬರ್ಮಾದ ಅಕ್ಕಿ ನಿಂತು ರೇಷನ್ ಇದ್ದ ಕಾಲ ಅದು. ಬೆಲ್ಲ ನೆನಪಿರುವುದು ಸಹಜ ಅಲ್ವಾ!

ತೊಂದರೆ ಏನೆಂದರೆ, ಜಪಾನ್ ಶರಣಾದ ಸುದ್ದಿ ಬಂದದ್ದು 1945 ಆಗಸ್ಟ್ 15ಕ್ಕೆ. ಸರಿಯಾಗಿ ಎರಡು ವರ್ಷಕ್ಕೆ ಸ್ವಾತಂತ್ರ್ಯ. ಎರಡೂ ಮಳೆಗಾಲ, ಎರಡೂ ಬಾವುಟ. ದೆಹಲಿಯ ವಿಜಯೋತ್ಸವ ನಡೆದದ್ದು 1946ರ ಮಾರ್ಚ್‌ನಲ್ಲಿ, ಕಾಂಗ್ರೆಸ್ ಅದನ್ನು ಬಹಿಷ್ಕರಿಸಿತ್ತು. "ಬಾವುಟದಲ್ಲಿ ಚಕ್ರ ಇತ್ತಾ?" ಅಂದರೆ "ಬಣ್ಣ ಕೈಗೆಲ್ಲ ಹತ್ತಿತ್ತು" ಅನ್ನುತ್ತಾರೆ, ಅಷ್ಟೇ.

ನಿಮ್ಮ ಮನೆಯ ಹಿರಿಯರನ್ನು ಒಮ್ಮೆ ಕೇಳುತ್ತೀರಾ? ಕುಂಬಳೆ, ನೀರ್ಚಾಲು, ಮಂಜೇಶ್ವರ ಕಡೆಯ ಹಳೇ ಶಾಲೆಗಳ ಫೋಟೋ, ದಾಖಲೆ ಯಾರ ಹತ್ತಿರವಾದರೂ ಇದೆಯಾ? ಆಗ ಕಾಸರಗೋಡು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಹಾಗಾದರೆ ಹುಡುಕುವುದು ಮಂಗಳೂರಲ್ಲೋ, ಚೆನ್ನೈಯಲ್ಲೋ? ಹುಡುಕಿ ಅನುಭವ ಇದ್ದವರು ದಯವಿಟ್ಟು ತಿಳಿಸಿ. ದೊಡ್ಡಮ್ಮ ಪದಕವನ್ನು ಹುಣಸೆಹಣ್ಣು ಹಾಕಿ ತಿಕ್ಕಲು ಹೊರಟಿದ್ದಾರೆ, ಸದ್ಯ ತಡೆದಿದ್ದೇನೆ. ತಿಕ್ಕಬಹುದಾ?