ಪದಚರ್ಚೆ: ಸ್ಯಾಂಡ್ ವರ್ಬೀನಾಗೆ ಕನ್ನಡದಲ್ಲಿ ಏನನ್ನೋಣ? (ಗುರುವಾರದೊಳಗೆ ಬೇಕು)

ಸ್ಯಾನ್ ಡಿಯೇಗೋದಿಂದ

ಎಲ್ಲರಿಗೂ ನಮಸ್ಕಾರ. ಒಂದು ಹೂವಿನ ಹೆಸರು ಬೇಕಾಗಿದೆ, ಸ್ವಲ್ಪ ಅವಸರ.

ಇಲ್ಲಿನ ಕನ್ನಡದ ನಾಲ್ಕಾರು ಮನೆಯವರು ಸೇರಿ ಶನಿವಾರ ಆಂಜಾ-ಬೊರೇಗೋ ಮರುಭೂಮಿಗೆ ಹೂ ನೋಡಲು ಹೊರಟಿದ್ದೇವೆ. ಊರಿನಿಂದ ಬಂದಿರುವ ಅಪ್ಪ-ಅಮ್ಮ, ಅತ್ತೆ-ಮಾವಂದಿರೇ ಜಾಸ್ತಿ. ಅವರ ಕೈಗೆ ಕೊಡಲು ಕನ್ನಡದಲ್ಲಿ ಒಂದು ಹಾಳೆ ಮಾಡುತ್ತಿದ್ದೇನೆ. ಹಾಳೆಯ ನಿಜವಾದ ಉದ್ದೇಶ ಹೇಳಿಬಿಡುತ್ತೇನೆ. ಅದು ಸ್ಟೇಟ್ ಪಾರ್ಕು, ಒಂದು ಹೂವನ್ನೂ ಕೀಳುವ ಹಾಗಿಲ್ಲ. ನಮ್ಮ ಹಿರಿಯರಿಗೋ ಹೂ ಕಂಡ ತಕ್ಷಣ ದೇವರ ನೆನಪಾಗುತ್ತದೆ.

ಉಳಿದ ಹೂಗಳಿಗೆ ಹೇಗೋ ಹೆಸರು ಹೊಂದಿಸಿಕೊಂಡೆ. ಸಿಕ್ಕಿಹಾಕಿಕೊಂಡಿರುವುದು ಸ್ಯಾಂಡ್ ವರ್ಬೀನಾ ಒಂದರಲ್ಲೇ. ಸಸ್ಯಶಾಸ್ತ್ರದ ಹೆಸರು ಅಬ್ರೋನಿಯಾ ವಿಲ್ಲೋಸಾ. ನೆಲಕ್ಕೆ ಅಂಟಿಕೊಂಡಂತೆ ಹರಡುವ ಗಿಡ. ಮಳೆ ಚೆನ್ನಾಗಿ ಆದ ವರ್ಷ ಫೆಬ್ರವರಿಯಿಂದಲೇ ಹೂ. 2017ರಲ್ಲಿ, 2019ರಲ್ಲಿ ಬಯಲಿಗೆ ಬಯಲೇ ನೇರಳೆ-ಗುಲಾಬಿ ಆಗಿತ್ತು. ಉದ್ದ ಕೊರಳಿನ ಪುಟ್ಟ ಹೂಗಳು ಗುಂಡಗೆ ಗೊಂಚಲು ಕಟ್ಟುತ್ತವೆ. ಕಾಂಡ, ಎಲೆ ಎಲ್ಲಕ್ಕೂ ಅಂಟು ರೋಮ. ಎಲೆ ಮುಟ್ಟಿ ನೋಡಿದರೆ ಬೆರಳಿಗೆ ಜಿಗುಟು ಹತ್ತುತ್ತದೆ, ಜೊತೆಗೆ ಹತ್ತಿಪ್ಪತ್ತು ಮರಳಿನ ಕಾಳೂ ಬರುತ್ತವೆ. ಗಾಳಿ ತಂದ ಮರಳನ್ನು ಗಿಡ ಮೈಗೆ ಮೆತ್ತಿಕೊಂಡೇ ಇರುತ್ತದೆ.

ಇದರ ಒಡಹುಟ್ಟುಗಳು ಸಮುದ್ರದ ದಡದಲ್ಲೂ ಇವೆ. ಹಳದಿ ಹೂವಿನದು ಲ್ಯಾಟಿಫೋಲಿಯಾ, ಕಡುಗೆಂಪಿನದು ಮರಿಟಿಮಾ. ಹಾಗಾಗಿ ಕಡಲ ಮರಳಿಗೂ ಮರುಭೂಮಿಯ ಮರಳಿಗೂ ಒಪ್ಪುವ ಹೆಸರು ಬೇಕು. ಸದ್ಯಕ್ಕೆ 'ಮರಳು ವರ್ಬೀನಾ' ಅಂತ ಬರೆದಿಟ್ಟಿದ್ದೇನೆ. ಗುರುವಾರ ರಾತ್ರಿ ಪ್ರಿಂಟಿಗೆ ಕೊಡಬೇಕು.

ಮೈಸೂರಿನಿಂದ

'ಮರಳು ವರ್ಬೀನಾ' ಕನ್ನಡವೂ ಅಲ್ಲ, ಇಂಗ್ಲಿಷೂ ಅಲ್ಲ. 'ಸೈಕತಮಲ್ಲಿಕಾ' ಎಂದಿಡಿ. ಸೈಕತ ಎಂದರೆ ಮರಳಿನದು, ಮರಳಿನ ದಡ ಎಂದೂ ಅರ್ಥ. ನೀವು ಕೇಳಿದ ಎರಡೂ ಜಾಗ ಒಂದೇ ಪದದಲ್ಲಿ ಬಂತು. ದಯವಿಟ್ಟು 'ಸೈಕತ ಹೂ' ಮಾಡಬೇಡಿ, ಸಂಸ್ಕೃತಕ್ಕೆ ಕನ್ನಡ ಜೋಡಿಸಿದ ಅರಿಸಮಾಸ ಆಗುತ್ತದೆ.

ಶಿವಮೊಗ್ಗದಿಂದ

ಅರಿಸಮಾಸದ ಹೆದರಿಕೆ ಇರುವುದು ಸಂಸ್ಕೃತ ಬೆರೆಸುವವರಿಗೆ. ಬೆರೆಸದೇ ಇದ್ದರೆ ಹೆದರಿಕೆಯೇ ಇಲ್ಲ. ಮಳಲ್ + ಪೂ = ಮಳಲ್ವೂ. ಬೆಮರ್ + ಪನಿ = ಬೆಮರ್ವನಿ ಆದ ದಾರಿ. ಎರಡೂ ನಮ್ಮವೇ ಪದ, ಸಂಧಿಯೂ ನಮ್ಮದೇ. ಮುಗಿಯಿತು.

ಸ್ಯಾನ್ ಡಿಯೇಗೋದಿಂದ

ಇಬ್ಬರಿಗೂ ಧನ್ಯವಾದ. ಆದರೆ ಸರ್, ಮಳಲ್ವೂ ಅಂತ ಬರೆದರೆ ನಮ್ಮ ಅತ್ತೆ ಯಾವುದೋ ಕಾಯಿಲೆ ಅಂದುಕೊಳ್ಳುತ್ತಾರೆ. ಸೈಕತ ಅಂದರೆ ಸುಮ್ನೆ ಹಾಳೆ ಮಡಚಿ ಚೀಲಕ್ಕೆ ಹಾಕುತ್ತಾರೆ. ಓದಿದ ಕೂಡಲೇ ತಿಳಿಯುವಂಥದ್ದು ಬೇಕು.

ಮಂಗಳೂರಿನಿಂದ

ಹೊಸ ಹೆಸರು ಯಾಕೆ ಹುಡುಕುತ್ತೀರಿ ಮಾರಾಯ್ರೇ? ಕಡಲ ಮರಳಿನ ಹೂವಿಗೆ ನಮ್ಮಲ್ಲಿ ಹೆಸರಿದೆ: ಅಡುಂಬು ಬಳ್ಳಿ. ಸೋಮೇಶ್ವರದ ಕಡಲಬದಿಗೆ ಬನ್ನಿ, ಮರಳಿನ ಮೇಲೆ ಉದ್ದುದ್ದ ಹರಿದು ನೇರಳೆ ಹೂ ಬಿಟ್ಟಿರುತ್ತದೆ. ಎಲೆ ಆಡಿನ ಗೊರಸಿನ ಹಾಗೆ ನಡುವೆ ಸೀಳಿರುತ್ತದೆ. ಹಳೆಯ ತಮಿಳು ಕಾವ್ಯದಲ್ಲೂ ಕಡಲದಡದ ಪದ್ಯಗಳಲ್ಲಿ ಅಡುಂಬು ಬರುತ್ತದೆ. ಅಷ್ಟು ಹಳೆಯ ಪದ ಕೈಯಲ್ಲಿರುವಾಗ ಸೈಕತ ಗೀಕತ ಎಲ್ಲ ಯಾಕೆ?

ಮತ್ತೆ ಮರಳು ಅನ್ನುವುದು ಘಟ್ಟದ ಮೇಲಿನವರ ಮಾತು. ನಮ್ಮದು ಹೊಯ್ಗೆ. ತುಳುವಿನಲ್ಲಿ ಪೊಯ್ಯೆ. ಹೊಯ್ಗೆಬಜಾರ್ ಅಂತ ಒಂದು ಪೇಟೆಯೇ ಇದೆಯಲ್ಲ. ನನ್ನ ಲೆಕ್ಕದಲ್ಲಿ ಇದು 'ಹೊಯ್' ಧಾತುವಿನಿಂದ ಬಂದದ್ದು. ಕಡಲು ತಂದು ಹೊಯ್ದದ್ದು ಹೊಯ್ಗೆ. ಇದಕ್ಕಿಂತ ಚಂದದ ಪದ ಉಂಟಾ?

ಶಿವಮೊಗ್ಗದಿಂದ

ಹೊಯ್ದದ್ದೆಲ್ಲ ಹೊಯ್ಗೆ ಆದರೆ ದೋಸೆಯೂ ಹೊಯ್ಗೆಯೇ.

ಮಂಗಳೂರಿನಿಂದ

ಮಳಲ್ವೂ ಮಾಡಿದವರು ನಗುವುದು ಬೇಡ.

ಬೆಂಗಳೂರಿನಿಂದ

ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು. ಪದದ ಜಗಳಕ್ಕೆ ಮೊದಲು ಗಿಡ ಯಾವುದು ಅಂತ ನೋಡೋಣ, ಆಗಬಹುದಾ?

ಅಡುಂಬು ಬೇಡವೇ ಬೇಡ. ಅದು ಗೆಣಸಿನ ಜಾತಿಯ ಬಳ್ಳಿ. ಮರಳಲ್ಲಿ ಬೆಳೆಯುತ್ತದೆ ಅನ್ನುವುದೊಂದೇ ಹೋಲಿಕೆ. ಅಡುಂಬಿನ ಎಲೆ ನುಣುಪು, ಇದರದು ಅಂಟು. ಅಡುಂಬಿನ ಹೂ ಕೊಳವೆಯ ಬಾಯಿಯಂತೆ ಒಂಟಿಯಾಗಿ ಅಗಲ, ಇದರದು ಗೊಂಚಲು.

ಇನ್ನು ವರ್ಬೀನಾ. ಇಂಗ್ಲಿಷಿನವರು ಹಾಗೆ ಕರೆದದ್ದು ದೂರದಿಂದ ನೋಡಿ. ಗೊಂಚಲು ವರ್ಬೀನಾದ ಹಾಗಿದೆ, ಅಷ್ಟೇ. ನಿಜವಾದ ವರ್ಬೀನಾದ ನೆಂಟ ನಮ್ಮ ಬೇಲಿಯಲ್ಲೇ ಇದ್ದಾನೆ: ಲಂಟಾನ. ಬಂಡೀಪುರದ ಕಾಡಿಗೆ ನುಗ್ಗಿ ಕೂತಿದೆಯಲ್ಲ, ಅದೇ. 'ಮರಳು ವರ್ಬೀನಾ' ಅಂದರೆ ಈ ಪಾಪದ ಹೂವನ್ನು ಲಂಟಾನದ ಮನೆಗೆ ಸೇರಿಸಿದ ಹಾಗೆ.

ಅಬ್ರೋನಿಯಾ ಇರುವುದು ಬೇರೆ ಮನೆಯಲ್ಲಿ. ಅಲ್ಲಿರುವವರು ಯಾರು ಗೊತ್ತಾ? ಸಂಜೆಮಲ್ಲಿಗೆ. ಕಾಗದದ ಹೂ, ಅಂದರೆ ಬೋಗನ್‌ವಿಲ್ಲಾ. ಈ ಮನೆಯವರಿಗೆ ಒಂದು ಗುಟ್ಟಿದೆ, ಯಾರಿಗೂ ದಳವೇ ಇಲ್ಲ. ನಾವು ದಳ ಅಂದುಕೊಳ್ಳುವ ಬಣ್ಣದ ಭಾಗ ನಿಜಕ್ಕೂ ಪುಷ್ಪಪಾತ್ರೆ, ಅಂದರೆ ಬೇರೆ ಹೂಗಳಲ್ಲಿ ದಳದ ಹೊರಗೆ ಹಸಿರಾಗಿರುವ ಸುತ್ತು. ಬೋಗನ್‌ವಿಲ್ಲಾದಲ್ಲಿ ಇನ್ನೂ ಮಜ. ಅಲ್ಲಿ ಬಣ್ಣ ತೋರಿಸುವುದು ಎಲೆ, ನಡುವೆ ಬಿಳಿ ಕಡ್ಡಿಯಂತಿರುವುದು ಹೂ. ಸಂಜೆಮಲ್ಲಿಗೆಯ ಉದ್ದ ಕೊರಳನ್ನು ಒಮ್ಮೆ ನೆನಪು ಮಾಡಿಕೊಳ್ಳಿ, ಅದನ್ನೇ ಪುಟ್ಟದಾಗಿಸಿ ಗೊಂಚಲು ಕಟ್ಟಿದರೆ ಅಬ್ರೋನಿಯಾ.

ಕೊರಳು ಯಾಕೆ ಅಷ್ಟು ಉದ್ದ ಅಂದರೆ ಗಿರಾಕಿ ಪತಂಗ. ಉದ್ದ ನಾಲಗೆಯ ದೊಡ್ಡ ಪತಂಗಗಳು ಮುಸ್ಸಂಜೆಯಲ್ಲಿ ಬರುತ್ತವೆ. ಪರಿಮಳವೂ ಆ ಹೊತ್ತಿಗೇ ಜೋರು. ಶನಿವಾರ ಮಧ್ಯಾಹ್ನವೇ ವಾಪಸ್ ಹೊರಡಬೇಡಿ ಮೇಡಂ, ಕತ್ತಲಾಗುವ ತನಕ ಇರಿ.

ಅಂಟಿನ ವಿಷಯವನ್ನೂ ಹೇಳಿಬಿಡುತ್ತೇನೆ, ಹೆಸರಿಗೆ ಬೇಕಾಗಬಹುದು. 2016ರಲ್ಲಿ ಕ್ಯಾಲಿಫೋರ್ನಿಯಾದ ಇಬ್ಬರು ವಿಜ್ಞಾನಿಗಳು ಕಡಲಬದಿಯ ಹಳದಿ ಜಾತಿಯ ಮೇಲೆ ಒಂದು ಸರಳ ಪ್ರಯೋಗ ಮಾಡಿ ಪ್ರಕಟಿಸಿದರು. ಕೆಲವು ಗಿಡಗಳ ಮರಳನ್ನು ಒರೆಸಿ ತೆಗೆದರು. ಒರೆಸಿದ ಗಿಡಗಳನ್ನು ಹುಳುಗಳು ಹೆಚ್ಚುಕಮ್ಮಿ ಎರಡು ಪಟ್ಟು ತಿಂದವು. ಮರಳಿನ ಬಣ್ಣದಲ್ಲಿ ಬೆರೆತುಹೋಗಿ ಗಿಡ ಹುಳುವಿನ ಕಣ್ಣು ತಪ್ಪಿಸುತ್ತಿದೆಯಾ ಅಂತ ಪರೀಕ್ಷಿಸಲು ಬೇರೆ ಬಣ್ಣದ ಮರಳನ್ನೂ ಮೆತ್ತಿ ನೋಡಿದರು. ವ್ಯತ್ಯಾಸ ಕಾಣಲಿಲ್ಲ. ಅಂದರೆ ಬಣ್ಣದ್ದಲ್ಲ ಕೆಲಸ, ಕಾಳಿನದ್ದು. ಸೊಪ್ಪು ಸರಿಯಾಗಿ ತೊಳೆಯದೆ ಸಾರು ಮಾಡಿದ ದಿನ ಮನೆಯಲ್ಲಿ ಎಷ್ಟು ಜನ ಎರಡನೇ ಸಲ ಬಡಿಸಿಕೊಳ್ಳುತ್ತಾರೆ ಹೇಳಿ.

ನನ್ನ ಓಟು: ಮರಳು ಸಂಜೆಮಲ್ಲಿಗೆ.

ಮೈಸೂರಿನಿಂದ

ನಾನು ಹೇಳಿದ ಮಲ್ಲಿಕಾ ಸುತ್ತಿ ಬಳಸಿ ಅಲ್ಲಿಗೇ ಬಂತು. ಮಲ್ಲಿಗೆ ಎಂಬುದೇ ಮಲ್ಲಿಕಾದ ತದ್ಭವ.

ಶಿವಮೊಗ್ಗದಿಂದ

ಮಲ್ಲಿಗೆ ನಮ್ಮದು. ಸಂಸ್ಕೃತ ನಮ್ಮಿಂದ ತೆಗೆದುಕೊಂಡದ್ದು.

ಧಾರವಾಡದಿಂದ

ಈ ಮಲ್ಲಿಗೆ ಜಗಳಕ್ಕೆ ಬೇರೆ ಎಳೆ ಶುರು ಮಾಡ್ರಿ, ಇಲ್ಲಿ ಪಾಪ ಒಬ್ಬರಿಗೆ ಗುರುವಾರ ಪ್ರಿಂಟ್ ಅದ.

ನಾನು ಕೇಳುವುದು ಒಂದೇ. ವರ್ಬೀನಾ ಬೇಡ ಅನ್ನಲು ಬೆಂಗಳೂರಿನವರು ಕೊಟ್ಟ ಕಾರಣ ಸರಿ, ಒಪ್ಪುತ್ತೇನೆ. ಆದರೆ ಅದು ಪರಕೀಯ ಅನ್ನುವ ಕಾರಣಕ್ಕೆ ಬೇಡ ಅನ್ನುವವರು ಮನೆಯಂಗಳಕ್ಕೆ ಹೋಗಿ ನೋಡಲಿ. ಗುಲಾಬಿ ಪಾರ್ಸಿ. ಅದೂ ಅಲ್ಲಿ ಗುಲಾಬ್ ಅಂದರೆ ಹೂವಿನ ನೀರು, ಪನ್ನೀರು. ನೀರಿನ ಹೆಸರನ್ನು ಗಿಡಕ್ಕೆ ಇಟ್ಟುಕೊಂಡು ಆರಾಮ ಇದ್ದೇವೆ. ಬೋಗನ್‌ವಿಲ್ಲಾ ಒಬ್ಬ ಫ್ರೆಂಚ್ ನಾವಿಕನ ಹೆಸರು. ಅಬ್ರೋನಿಯಾದ ಕಥೆಯೂ ಫ್ರೆಂಚ್ ಹಡಗಿನದೇ. ಲಾ ಪೆರೂಸ್ ಎಂಬವನ ಹಡಗುಗಳು 1786ರಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೇಗೆ ಬಂದಾಗ ಜೊತೆಗಿದ್ದ ತೋಟಗಾರ ಕಡಲದಡದ ಜಾತಿಯ ಬೀಜ ಆರಿಸಿದ. ಬೀಜ ಪ್ಯಾರಿಸ್ ಮುಟ್ಟಿ ಗಿಡವಾಯಿತು. ಆರಿಸಿದವನು ಮಾತ್ರ ಮುಟ್ಟಲಿಲ್ಲ, 1788ರಲ್ಲಿ ಹಡಗುಗಳು ಶಾಂತಸಾಗರದಲ್ಲೇ ಕಳೆದುಹೋದವು. ಅಬ್ರೋನಿಯಾ ಎಂಬ ಗ್ರೀಕ್ ಹೆಸರಿನ ಮೂಲಕ್ಕೆ ಕೋಮಲ, ನಾಜೂಕು ಎಂಬ ಅರ್ಥ. ಮೈತುಂಬ ಉಸುಕು ಮೆತ್ತಿಕೊಂಡು ಬಿಸಿಲಿಗೆ ಬಿದ್ದಿರುವ ಗಿಡಕ್ಕೆ ನಾಜೂಕು ಅಂತ ಹೆಸರು! ಸುಮ್ಮನೆ 'ಅಬ್ರೋನಿಯಾ' ಅಂತ ಇಟ್ಟರೆ ಯಾರ ಗಂಟು ಹೋಗುತ್ತದೆ?

ಮತ್ತೆ ಮರಳು ಬೇಡ, ಉಸುಕು ಅನ್ನಿ. ಮರಳು ಅಂದರೆ ತಿರುಗಿ ಬರು ಅಂತಲೂ ಆಗುತ್ತದೆ. ಅಚ್ಚಿನಲ್ಲಿ ಒಂದು ಕೊಂಬು ಹೆಚ್ಚಾದರೆ ಮರುಳು. ಉಸುಕಿನಲ್ಲಿ ಆ ಗೊಂದಲ ಇಲ್ಲ.

ಶಿವಮೊಗ್ಗದಿಂದ

ಗುಲಾಬಿಯ ವಾದ ನಮ್ಮ ಈ ಪದಚರ್ಚೆಯಲ್ಲಿ ಎಷ್ಟು ಸಲ ಬಂದಿದೆಯೋ. ಒಂದು ಸಾಲ ತೀರಿಲ್ಲ ಅಂತ ಇನ್ನೊಂದು ಸಾಲ ಮಾಡುವುದು ಯಾವ ನ್ಯಾಯ? ಹೊಸ ಗಿಡ ಬಂದಾಗ ನಮ್ಮ ಹಿರಿಯರು ಸಾಲಕ್ಕೆ ಓಡಲಿಲ್ಲ. ಅಮೆರಿಕದಿಂದ ಖಾರದ ಕಾಯಿ ಬಂತು. ಮನೆಯಲ್ಲಿದ್ದ ಮೆಣಸನ್ನು ನೋಡಿ ಮೆಣಸಿನಕಾಯಿ ಅಂದರು. ಪರಂಗಿಯವರು ತಂದ ಹಣ್ಣು ಪರಂಗಿ ಹಣ್ಣು ಆಯಿತು.

ಧಾರವಾಡದಿಂದ

ಪರಂಗಿ ಯಾವ ಭಾಷೆಯ ಪದ ಅಂತ ಒಮ್ಮೆ ನಿಘಂಟು ತೆಗೆದು ನೋಡ್ರಿ. ಅಚ್ಚಗನ್ನಡ ಏನಲ್ಲ ಅದು.

ಬಳ್ಳಾರಿಯಿಂದ

ಬಹಳ ದಿನದಿಂದ ಬರೀ ಓದುತ್ತಿದ್ದೆ, ಇವತ್ತು ಬರೆಯಲೇಬೇಕು ಅನ್ನಿಸಿತು. ಮೆಣಸಿನಕಾಯಿಯ ದಾರಿ ಸರಿ. ಆದರೆ ಹತ್ತಿರದ ನೆಂಟನನ್ನು ಎಲ್ಲರೂ ಮರೆತಿದ್ದೀರಿ. ಸಂಜೆಮಲ್ಲಿಗೆ ಎತ್ತರಕ್ಕೆ ಪೊದೆಯಾಗುತ್ತದೆ, ಅಂಗಳದ ಗಿಡ. ಅದೇ ಮನೆತನದ್ದು, ನೆಲಕ್ಕೆ ಹರಡುವುದು, ಗುಲಾಬಿ ಬಣ್ಣದ ಸಣ್ಣ ಹೂವಿನದು ನಮ್ಮಲ್ಲೇ ಇದೆ: ಕೊಮ್ಮೆ. ಆಯುರ್ವೇದದವರು ಪುನರ್ನವ ಅನ್ನುತ್ತಾರೆ. ರಸ್ತೆ ಪಕ್ಕ, ಹೊಲದ ಬದು, ಹಾಳು ಜಾಗ ಎಲ್ಲ ಕಡೆ ಬೀಳುತ್ತದೆ. ಎಳೆಯ ಎಲೆ ಸೊಪ್ಪಿನ ಜೊತೆ ಬೇಯಿಸುತ್ತೇವೆ. ಅದರ ಕಾಯಿಗೂ ಅಂಟು ಇದೆ. ಕೊಮ್ಮೆ ಇರುವ ಜಾಗದಲ್ಲಿ ಓಡಾಡಿ ಬಂದರೆ ಪಂಚೆಯ ಅಂಚಿಗೆ ಸಣ್ಣ ಕಾಳಿನ ಹಾಗೆ ಹತ್ತಿಕೊಂಡಿರುತ್ತದೆ, ಕೊಡವಿದರೆ ಹೋಗುವುದಿಲ್ಲ, ಒಂದೊಂದಾಗಿ ಬಿಡಿಸಬೇಕು.

ಹರಡುವುದು, ಅಂಟು, ಬಣ್ಣ, ಒಣ ನೆಲ, ಎಲ್ಲ ಸೇರಿತಲ್ಲ. ಉಸುಕುಗೊಮ್ಮೆ ಅನ್ನಿ, ಇಲ್ಲಾ ಮರಳುಗೊಮ್ಮೆ ಅನ್ನಿ.

ಬೆಂಗಳೂರಿನಿಂದ

ಕೊಮ್ಮೆ! ನಾನೇ ಹೇಳಬೇಕಿತ್ತು. ಗಿಡದ ಮೈಕಟ್ಟು ನೋಡಿದರೆ ಇದೇ ಸರಿ.

ಮೈಸೂರಿನಿಂದ

ಗಿಡ ಸರಿ, ಪದ ಸರಿಯಿಲ್ಲ. 'ಮರಳುಗೊಮ್ಮೆ' ಅಂದರೆ ಕಿವಿಗೆ 'ತಿಂಗಳಿಗೊಮ್ಮೆ, ವರ್ಷಕ್ಕೊಮ್ಮೆ' ಸಾಲಿನಲ್ಲಿ ಕೂರುತ್ತದೆ. ಏನು ಒಮ್ಮೆ ಎಂದು ಕೇಳುತ್ತಾರೆ.

ಬಳ್ಳಾರಿಯಿಂದ

ಮಳೆಗೊಮ್ಮೆ ಹೂ ಬಿಡುವ ಗಿಡ ತಾನೇ ಸ್ವಾಮಿ. ಅದೂ ಒಪ್ಪುತ್ತದೆ.

ತಮಾಷೆ ಬಿಡಿ. ಸಂಧಿ ಬೇಡವಾದರೆ ಬಿಡಿಸಿಯೇ ಬರೆಯಿರಿ, ಮರಳು ಕೊಮ್ಮೆ. ಕಕಾರ ಗಕಾರವಾಗುವ ಆದೇಶಸಂಧಿ ಆಗಲೇಬೇಕು ಅಂತ ಹೊಸ ಪದಕ್ಕೆ ಯಾರೂ ಕಟ್ಟುಪಾಡು ಹಾಕಿಲ್ಲ.

ಶಿವಮೊಗ್ಗದಿಂದ

ಹಾಕಿದ್ದಾರೆ. ಆದರೆ ಕೊಮ್ಮೆ ಒಪ್ಪಿದೆ.

ಮಂಗಳೂರಿನಿಂದ

ಹೊಯ್ಗೆ ಕೊಮ್ಮೆ ಅಂತ ಯಾರೂ ಹೇಳುವುದಿಲ್ಲ ಅಂತ ಗೊತ್ತಿತ್ತು. ಇರಲಿ, ಕಾರವಾರದ ಕಡೆಯವರು ಎದ್ದು ರೇತಿ ಅನ್ನುವ ಮೊದಲು ಯಾರಾದರೂ ತೀರ್ಮಾನ ಮಾಡಿ.

ಸ್ಯಾನ್ ಡಿಯೇಗೋದಿಂದ

ತೀರ್ಮಾನ ಮಾಡಿದೆ, ಬೈಯಬೇಡಿ.

ನಿನ್ನೆ ಸಂಜೆ ಅತ್ತೆಯನ್ನೂ ಪಕ್ಕದ ಮನೆಗೆ ಬಂದಿರುವ ಹಾಸನದ ಅಜ್ಜಿಯನ್ನೂ ಕೂರಿಸಿಕೊಂಡು ಕೇಳಿದೆ. ಕೊಮ್ಮೆ ಅಂದಾಗ ಅಜ್ಜಿಗೆ ತಕ್ಷಣ ಗೊತ್ತಾಯಿತು, 'ಅದು ಸೊಪ್ಪು ಕಣಮ್ಮ, ಬಾವು ಇಳಿಯಕ್ಕೆ ಕೊಡ್ತಾರೆ' ಅಂದರು. ಅತ್ತೆ ಬೆಂಗಳೂರಿನಲ್ಲೇ ಬೆಳೆದವರು, ಅವರಿಗೆ ಗೊತ್ತಿಲ್ಲ. ಸಂಜೆಮಲ್ಲಿಗೆ ಇಬ್ಬರಿಗೂ ಗೊತ್ತು. ನನಗೆ ಕೊಮ್ಮೆಯೇ ಇಷ್ಟವಾಗಿತ್ತು. ಆದರೆ ಅಜ್ಜಿ ಇನ್ನೊಂದು ಮಾತು ಸೇರಿಸಿದರು, 'ಕೊಮ್ಮೆ ಆದ್ರೆ ಒಂದಿಷ್ಟು ಕಿತ್ಕೊಂಡು ಬರೋಣ, ಪಲ್ಯಕ್ಕಾಗತ್ತೆ.' ಅಲ್ಲಿಗೆ ಕೊಮ್ಮೆಯನ್ನು ಹಾಳೆಯಿಂದ ತೆಗೆದೆ. ಕೀಳಬೇಡಿ ಅಂತ ಹೇಳುವ ಹಾಳೆಯಲ್ಲಿ ಸೊಪ್ಪಿನ ಹೆಸರು ಹಾಕಲು ಧೈರ್ಯ ಬರಲಿಲ್ಲ.

ಉಸುಕು, ಹೊಯ್ಗೆ ಎರಡೂ ಚೆನ್ನಾಗಿವೆ. ಆದರೆ ಮರಳುಗಾಡು ಅನ್ನುವ ಪದ ಹಾಳೆಯ ತಲೆಯ ಮೇಲೇ ಇದೆ, ಹಾಗಾಗಿ ಮರಳು. ಅಚ್ಚಿಗೆ ಹೋಗುವ ಸಾಲುಗಳು ಹೀಗಿವೆ:

'ಮರಳು ಸಂಜೆ ಮಲ್ಲಿಗೆ. ನಮ್ಮ ಅಂಗಳದ ಸಂಜೆ ಮಲ್ಲಿಗೆಯ ನೆಂಟ. ಎಲೆಗೆ ಅಂಟಿದ ಮರಳೇ ಇದರ ರಕ್ಷಣೆ, ಒರೆಸಬೇಡಿ. ಬಿಸಿಲು ಇಳಿದ ಮೇಲೆ ಬಗ್ಗಿ ಮೂಸಿ ನೋಡಿ. ಕೀಳಬೇಡಿ. ದೇವರಿಗೆ ಇಲ್ಲಿಂದಲೇ ಕೈ ಮುಗಿಯಿರಿ.'

ಮೈಸೂರಿನಿಂದ

'ಸಂಜೆಮಲ್ಲಿಗೆ' ಒಂದೇ ಪದ. ಎರಡು ಕಡೆಯೂ ಬಿಡಿಸಿ ಬರೆದಿದ್ದೀರಿ. ಪ್ರಿಂಟಿಗೆ ಹೋಗದಿದ್ದರೆ ಸರಿಪಡಿಸಿ.

ಸ್ಯಾನ್ ಡಿಯೇಗೋದಿಂದ

ಹೋಯ್ತು ಸರ್.